ಚಾವಣಿಯ ಮೇಲಿನ ಹೊರೆ

ರಜೆಯ ದಿನಗಳಲ್ಲಿ ಬೆಂಗಳೂರಿನಿಂದ ಅಂತರಗಂಗೆ ಬೆಟ್ಟ, ಆವನಿಗಳ ಕಡೆ ಹೊರಡುವ ಕಾರುಗಳ ನೆತ್ತಿಯ ಮೇಲೆ ಸೈಕಲ್ಲುಗಳು, ಅಪರೂಪಕ್ಕೊಮ್ಮೆ ಕಯಾಕ್ ಎಂಬ ಕಿರುದೋಣಿ ಕಾಣಸಿಗುತ್ತವೆ. ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಾರುಕಟ್ಟೆಗೆ ಸಾಗಿಸುವ ಕ್ಯಾಲನೂರು ಸೀಮೆಯವರಿಗೆ ಹೊರೆ ಬಿಗಿಯುವ ಪಾಠ ಬೇಕಿಲ್ಲ. ನಗರದ ವಿಹಾರಿಗಳಿಗೆ ಬೇಕಾಗಿದೆ. ಸಡಿಲಗೊಂಡ ಸೈಕಲ್ಲು ಕಳಚಿ ಬೀಳುವುದು ಹಿಂದೆ ಬರುವ ದ್ವಿಚಕ್ರ ಸವಾರನ ಮೇಲೆ.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಲುಗದ ದೋಣಿಯ ಮೇಲೆ 90ರಲ್ಲಿ ಎರಡೂಕಾಲು ಪಟ್ಟು ಒತ್ತಡ ಬೀಳುತ್ತದೆ. ಆದ್ದರಿಂದ ಅಡ್ಡಪಟ್ಟಿಗಳಿಗೆ ಬಿಗಿದರಷ್ಟೇ ಸಾಲದು. ಮೂತಿಯಿಂದಲೂ ಬಾಲದಿಂದಲೂ ಕಾರಿನ ಕೊಕ್ಕೆಗಳಿಗೆ ಹಗ್ಗ ಬರಬೇಕು. ಹಿಗ್ಗುವ ರಬ್ಬರ್ ಹಗ್ಗ ಸಲ್ಲದು. ಸೈಕಲ್ಲಾದರೆ ಚೌಕಟ್ಟಿನೊಂದಿಗೆ ಎರಡೂ ಚಕ್ರಗಳನ್ನು ಕಟ್ಟಬೇಕು. ಕಾರಿನ ಕೈಪಿಡಿ ಹೇಳುವ ಚಾವಣಿ ಮಿತಿಯಲ್ಲಿ ರ‍್ಯಾಕಿನ ತೂಕವೂ ಸೇರುತ್ತದೆ. ಹತ್ತು ಕಿ.ಮೀ. ಸಾಗಿದ ಮೇಲೆ ನಿಲ್ಲಿಸಿ ಗಂಟುಗಳನ್ನು ಮುಟ್ಟಿ ನೋಡಬೇಕು. ಮಿತಿ ಮೀರಿ ಚಾಚಿದ ಹೊರೆಗೆ ಮೋಟಾರು ವಾಹನ ಕಾಯಿದೆಯ 2019ರ ತಿದ್ದುಪಡಿ 20,000 ರೂಪಾಯಿ ದಂಡ ವಿಧಿಸಿದೆ.

ಹಗ್ಗದಷ್ಟೇ ಗಮನ ದೋಣಿಯ ಹೊಟ್ಟೆಗೂ ಬೇಕು. ಒಂದು ಕೆರೆಯ ಕಳೆಯ ತುಂಡು ಅಂಟಿಕೊಂಡು ಇನ್ನೊಂದು ಕೆರೆ ಸೇರಿದರೆ ಸಾಕು, ಅಂತರಗಂಗೆ ನೀರನ್ನೆಲ್ಲ ಮುಚ್ಚೀತು. (ಬೆಟ್ಟದ ಹೆಸರೇ ಈ ಕಳೆಗೂ ಇರುವುದು ವಿಪರ್ಯಾಸ.) 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿತ ನೀರು ಹರಿದಿರುವ ಜಿಲ್ಲೆಯ ಕೆರೆಗಳಲ್ಲಿ ಸಾರಜನಕ, ರಂಜಕಗಳೂ ಬಂದು ಸೇರುವುದರಿಂದ ಕಳೆ ಬೇಗ ಹಬ್ಬುತ್ತದೆ. ದೋಣಿಯ ನೀರನ್ನು ಆ ದಡದಲ್ಲೇ ಬಸಿದು, ತೊಳೆದು, ಬಿಸಿಲಿಗೆ ಒಣಗಿಸಿಯೇ ಚಾವಣಿಗೇರಿಸಬೇಕು.