ಗೊತ್ತಿಲ್ಲವೆಂಬ ವರದಿ

ನಮ್ಮ ಅಣ್ಣಿಗೇರಿ ಕಡೆ ಎದೆಯ ಗಂಟಿನ ಮಾತನ್ನು ಹೆಣ್ಣುಮಕ್ಕಳು ಗಂಡನ ಮುಂದೂ ಆಡುವುದಿಲ್ಲ. ಆಡಿದವರಲ್ಲಿ ಕೆಲವರಿಗೆ ವೈದ್ಯರು ಈಗ ಜೀನ್ ಪರೀಕ್ಷೆಯನ್ನೂ ಬರೆದುಕೊಡುತ್ತಾರೆ. ನನ್ನ ತಂಗಿಗೂ ಬರೆದರು. ಸಾವಿರಾರು ರೂಪಾಯಿ ಕೊಟ್ಟ ಮೇಲೆ ಬಂದ ಉತ್ತರ: 'ಬಿ.ಆರ್.ಸಿ.ಎ. 2' ಜೀನಿನಲ್ಲಿ ಒಂದು ಬದಲಾವಣೆ ಇದೆ, ಅದರ ಅರ್ಥ ಅನಿಶ್ಚಿತ. ಇಂಥ ವರದಿಯ ಮೇಲೆ ಶಸ್ತ್ರಚಿಕಿತ್ಸೆಯ ನಿರ್ಧಾರ ಮಾಡಬಾರದೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಆದರೆ ಅವಳ ಮಗಳ ಕನ್ಯಾ ನೋಡಲು ಬರಬೇಕಿದ್ದ ಕುಂದಗೋಳದವರು ಕೂಡಲೇ ನಿರ್ಧರಿಸಿಬಿಟ್ಟರು. "ಗೊತ್ತಿಲ್ಲಂತ ಬರದ್ರೂ ಮಂದಿ ಐತಿ ಅಂತನ ಓದ್ತಾರಕ್ಕಾ" ಎಂದಳು ತಂಗಿ.

ಯಾಕೆ ಗೊತ್ತಿಲ್ಲ? ಹುಡುಗನೊಬ್ಬ 'ಹೊಂಟೀನಿ' ಎಂದು ಬರೆದರೆ ದಕ್ಷಿಣದಿಂದ ಬಂದ ಮೇಷ್ಟರು ಕೆಂಪು ಗೆರೆ ಎಳೆದಾರು. ನಾನು ಎಳೆಯುವುದಿಲ್ಲ, ಇಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆಂದು ಬಲ್ಲೆ. ಜೀನಿನ ಅಕ್ಷರವೂ ಹಾಗೆಯೇ. ಅದೇ ಬದಲಾವಣೆ ಆರೋಗ್ಯವಂತರಲ್ಲಿ ಧಾರಾಳವಾಗಿ ಕಂಡರೆ ಅದು ನಿರುಪದ್ರವಿ. ಕ್ಯಾನ್ಸರ್ ಬಂದ ಮನೆಗಳಲ್ಲೇ ಮತ್ತೆಮತ್ತೆ ಕಂಡರೆ ಅನುಮಾನ. ಇದನ್ನು ತಾಳೆ ನೋಡಲೆಂದೇ ಅಮೆರಿಕದ ಸರ್ಕಾರಿ ಸಂಸ್ಥೆ 2013ರಲ್ಲಿ 'ಕ್ಲಿನ್‌ವಾರ್' ಎಂಬ ಭಂಡಾರ ತೆರೆಯಿತು. ಯಾರು ಬೇಕಾದರೂ ಕಾಸಿಲ್ಲದೆ ನೋಡಬಹುದು. ಆದರೆ ಜಗತ್ತಿನ ಇಂಥ ದಾಖಲೆಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರವು. ನವಲಗುಂದದ ಹೆಂಗಸಿನ ಅಕ್ಷರ ಅಲ್ಲಿ ಸಿಗಬೇಕಾದರೆ ಯಾರಾದರೂ ಇಟ್ಟಿರಬೇಕಲ್ಲ!

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ನಡೆದ 'ಜೀನೋಮ್ ಇಂಡಿಯಾ' ಸುಮಾರು 10 ಸಾವಿರ ಭಾರತೀಯರ ಜೀನ್ ಬರಹವನ್ನು ಓದಿ, 2025ರ ಜನವರಿಯಲ್ಲಿ ಸಂಶೋಧಕರಿಗೆ ಒದಗಿಸಿತು. ದೊಡ್ಡ ಕೆಲಸವೇ. ಆದರೆ ಅದು ಹೇಳುವುದು ನಮ್ಮಲ್ಲಿ ಯಾವುದು ಸಾಮಾನ್ಯ ಎಂಬುದನ್ನಷ್ಟೆ. ರೋಗಿಗಳ ಅಕ್ಷರಗಳು ಇರುವುದು ಪರೀಕ್ಷೆ ಮಾಡಿದ ಪ್ರಯೋಗಾಲಯಗಳ ಬಳಿ. ಕೆಲವರು ಹಂಚಿಕೊಳ್ಳುತ್ತಾರೆ, ಹಲವರು ಬೀಗ ಹಾಕಿಡುತ್ತಾರೆ. ರಕ್ತ ನಮ್ಮದು, ರೊಕ್ಕ ನಮ್ಮದು, ಕಪಾಟು ಮಾತ್ರ ಅವರದು! ಅಮೆರಿಕದ ಮಿರಿಯಡ್ ಕಂಪನಿ ಈ ಜೀನುಗಳ ಮೇಲೆ ಪೇಟೆಂಟನ್ನೇ ಪಡೆದಿತ್ತು. ನಿಸರ್ಗದ ಜೀನಿಗೆ ಪೇಟೆಂಟ್ ಇಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪಿತ್ತಿತು.

ಹಂಚಿಕೊಂಡರೆ ಮಾನ ಹೋಗುವುದೆಂದು ಹೆದರಿಸುವವರಿದ್ದಾರೆ. ಭಂಡಾರಕ್ಕೆ ಹೋಗುವುದು ಬದಲಾವಣೆ ಮತ್ತು ಕಾಯಿಲೆಯ ವಿವರ. ಹೆಸರಲ್ಲ, ಊರಿನ ಓಣಿಯಲ್ಲ. ತಂಗಿಯ ಸುದ್ದಿಯನ್ನು ಕುಂದಗೋಳಕ್ಕೆ ಮುಟ್ಟಿಸಿದ್ದು ಯಾವ ಕಂಪ್ಯೂಟರೂ ಅಲ್ಲ.

ಅನಿಶ್ಚಿತವೆಂದು ಬರೆದು ಮುಂದೆ ಮರುನಿರ್ಧಾರವಾದ ಬದಲಾವಣೆಗಳಲ್ಲಿ ಬಹುಪಾಲು ನಿರುಪದ್ರವಿ ಎಂದೇ ತಿಳಿದುಬಂದಿವೆ. ತಿಳಿದಾಗ ನಮಗೆ ಹೇಳುವವರು ಯಾರು? ರಕ್ತ ಕೊಡುವ ಮೊದಲೇ ಕೇಳಿರಿ, ತಂಗಿಯರೇ: ಹೆಸರಿಲ್ಲದೆ ಇದನ್ನು ಭಂಡಾರಕ್ಕೆ ಹಾಕುತ್ತೀರಾ? ಅರ್ಥ ಬದಲಾದರೆ ಫೋನ್ ಮಾಡುತ್ತೀರಾ? ತಂಗಿಯ ಪ್ರಯೋಗಾಲಯಕ್ಕೆ ಇದನ್ನೇ ಕೇಳಿ ಎರಡು ಸಲ ಬರೆದೆ. ಉತ್ತರವಿಲ್ಲ. ಮೂರನೆಯದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ.