ಮನೆವಾರ್ತೆ: ಮಕ್ಕಳೊಡನೆ ಪಟ ತೆಗೆಯಿಸುವಾಗ

ಹಳೆಯ ಮನೆಗಳ ನಡುಮನೆಯಲ್ಲಿ ತೂಗುವ ಕುಟುಂಬದ ಪಟಗಳನ್ನು ವಾಚಕರು ನೋಡಿಯೇ ಇರುವರು. ಹಿರಿಯರು ಕುರ್ಚಿಗಳಲ್ಲಿ ಸೆಟೆದು ಕುಳಿತಿರುವರು. ಮಕ್ಕಳು ಕೈಕಟ್ಟಿ ನೆಲದ ಮೇಲೆ ಸಾಲಾಗಿರುವರು. ಒಬ್ಬರ ಮೊಗದಲ್ಲಿಯೂ ನಗೆಯ ಸುಳಿವಿಲ್ಲ. ಆ ಬಿಗುಮಾನಕ್ಕೆ ಕಾರಣವುಂಟು. 1839ರಲ್ಲಿ ಫ್ರಾನ್ಸ್ ದೇಶದ ಡಾಗೇರನ ವಿಧಾನವು ಲೋಕಕ್ಕೆ ಪ್ರಕಟವಾದಾಗ ಒಂದು ಚಿತ್ರ ಮೂಡಲು ನಿಮಿಷಗಳೇ ಹಿಡಿಯುತ್ತಿದ್ದವು. ಮುಂದಿನ ವರ್ಷಗಳಲ್ಲಿ ಕಾಲ ತಗ್ಗಿದರೂ, ತಲೆ ಅಲುಗದಿರಲೆಂದು ಬೆನ್ನ ಹಿಂದೆ ಕಬ್ಬಿಣದ ಆಸರೆ ನಿಲ್ಲಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ಕೂಸುಗಳ ಪಟ ತೆಗೆಯುವಾಗ ತಾಯಿಯು ಮೈತುಂಬ ಬಟ್ಟೆ ಹೊದ್ದು, ಕುರ್ಚಿಯಂತೆ ಮರೆಯಾಗಿ ಕುಳಿತು, ಕೂಸನ್ನು ಹಿಡಿದುಕೊಂಡಿರುವ ಪದ್ಧತಿಯೂ ಇದ್ದಿತು.

ಇಂದು ಕೈಯಲ್ಲಿ ಹಿಡಿಯುವ ಫೋನು ಸಹ ಬೆಳಕು ಚೆನ್ನಾಗಿದ್ದರೆ ಸೆಕೆಂಡಿನ ನೂರರಲ್ಲೊಂದು ಪಾಲಿಗಿಂತ ಕಡಮೆ ಕಾಲದಲ್ಲಿ ಚಿತ್ರವನ್ನು ಹಿಡಿಯಬಲ್ಲುದು. ಯಂತ್ರವು ಬದಲಾಯಿತು, ನಮ್ಮ ಅಭ್ಯಾಸ ಮಾತ್ರ ಬದಲಾಗಲಿಲ್ಲ. "ಅಲುಗಬೇಡ, ಇತ್ತ ನೋಡು, ನಗು" ಎಂದು ಮಗುವನ್ನು ಈಗಲೂ ಗದರಿಸುವೆವು. ನಗೆಯು ಅಪ್ಪಣೆಗೆ ಬರುವ ವಸ್ತುವಲ್ಲ. ಗದರಿಸಿ ತರಿಸಿದ ನಗೆಯಲ್ಲಿ ಹಲ್ಲು ಕಾಣುವುದೇ ಹೊರತು ಮಗು ಕಾಣುವುದಿಲ್ಲ.

ಮೊದಲು ಹೊತ್ತನ್ನು ಗೊತ್ತುಮಾಡಬೇಕು. ಪಂಚಾಂಗದ ಮುಹೂರ್ತಕ್ಕಿಂತ ಮಗುವಿನ ಹಸಿವು, ನಿದ್ರೆಗಳೇ ಇಲ್ಲಿ ಮುಖ್ಯವು. ಹೊಟ್ಟೆ ತುಂಬಿ, ನಿದ್ರೆ ತೀರಿ, ಆಟಕ್ಕೆ ಮನಸ್ಸು ಹೊರಡುವ ಸಮಯವೇ ಪಟಕ್ಕೆ ಸಕಾಲ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಣ್ಣುಗುಳಿಗಳಲ್ಲಿ ನೆರಳು ಕಟ್ಟುವುದು. ಮಕ್ಕಳು ಕಣ್ಣು ಕಿರಿದುಮಾಡುವರು. ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು, ಮರದ ನೆರಳು, ಜಗಲಿ, ಕಿಟಕಿಯ ಮಗ್ಗುಲು ಇವು ಒಳ್ಳೆಯವು. ಮಂದ ಬೆಳಕಿನಲ್ಲಿ ಎದುರಿನಿಂದ ಹಾಯಿಸುವ ಫ್ಲಾಶ್ ಬೆಳಕು ಕಣ್ಣಿನ ಹಿಂಭಾಗದಿಂದ ಮರಳಿ ಕಣ್ಣಾಲಿಗಳನ್ನು ಕೆಂಪಾಗಿ ತೋರಿಸುವುದಲ್ಲದೆ ಕೂಸುಗಳನ್ನು ಬೆಚ್ಚಿಬೀಳಿಸುವುದು.

ಉಡುಪಿನ ವಿಷಯದಲ್ಲಿ ಆಡಂಬರ ಬೇಡ. ಜರಿಯು ಕುತ್ತಿಗೆಗೆ ಚುಚ್ಚುತ್ತಿದ್ದರೆ ಆ ನೋವು ಪಟದಲ್ಲಿಯೂ ಕಾಣುವುದು. ಹೊಸ ಬಟ್ಟೆಯಾದರೆ ಒಂದೆರಡು ಸಲ ಮೊದಲೇ ತೊಡಿಸಿ ರೂಢಿಮಾಡಿರಬೇಕು.

ಚಿತ್ರಗಾರನನ್ನು ಕರೆಸುವುದಾದರೆ ತುಸು ಮುಂಚೆಯೇ ಬರಹೇಳಿರಿ. ಅವನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮಕ್ಕಳು "ಮಾಮ" ಎಂದು ಬಳಿ ಸೇರುವರು. ಕ್ಯಾಮರಾದೊಳಗೆ ಒಮ್ಮೆ ಇಣಿಕಿ ನೋಡಿದ ಮಗುವಿಗೆ ಅದರ ಭಯವಿರದು. ಅವನು ನೆಲದ ಮೇಲೆ ಕುಳಿತು ಮಕ್ಕಳ ಕಣ್ಣಿನ ಎತ್ತರದಿಂದ ತೆಗೆಯಲಿ. ಎಲ್ಲರೂ ಕೂಡಿದ ಪಟವನ್ನು ಮೊದಲು ಮುಗಿಸಿ, ಆಮೇಲೆ ಕೈಗೊಂದು ಕೆಲಸ ಕೊಡಿರಿ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಅಜ್ಜನ ಕನ್ನಡಕ ಹಾಕಿಕೊಳ್ಳುವುದು, ಅಜ್ಜಿಯಿಂದ ಕಥೆ ಕೇಳುವುದು, ಯಾವುದಾದರೂ ಸರಿಯೇ. ಕೈ ತೊಡಗಿದರೆ ಮೊಗ ಸಡಿಲುವುದು. ಅರ್ಧ ಗಂಟೆ ಸಾಕು. ನಾಚುವ ಮಗುವನ್ನು ಬಲವಂತದಿಂದ ಮುಂದೆ ನೂಕಕೂಡದು. ತಾಯಿಯ ಸೆರಗಿನ ಮರೆಯಿಂದ ಇಣಿಕುವ ಮೊಗವೂ ಆ ವಯಸ್ಸಿನ ನಿಜವಾದ ಚಿತ್ರವೇ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರ ಚಿತ್ರಗಳನ್ನು ಈ ದೃಷ್ಟಿಯಿಂದ ನೋಡುವುದು ಹಿತಕರ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅವರು ಕಂಡದ್ದು ಸಾಮಾನ್ಯ ಜನರ ದಿನದಿನದ ಬದುಕನ್ನು.

ಇನ್ನೊಂದು ಮಾತನ್ನು ಗೃಹಸ್ಥರು ಮನಸ್ಸಿಗೆ ತಂದುಕೊಳ್ಳಬೇಕು. ಮನೆಯ ಪಟಗಳನ್ನೆಲ್ಲ ತಾಯಿಯೇ ತೆಗೆಯುವಳಾದರೆ ಆಕೆಯ ಪಟವೇ ಇರುವುದಿಲ್ಲ. ಅಂದಿನ ತಾಯಿ ಬಟ್ಟೆಯ ಮರೆಯಲ್ಲಿದ್ದಳು. ಇಂದಿನವಳು ಕ್ಯಾಮರಾದ ಮರೆಯಲ್ಲಿರುವಳು. "ಸೀರೆ ಮಾಸಿದೆ, ತಲೆ ಬಾಚಿಲ್ಲ" ಎಂದು ಆಕೆ ಹಿಂಜರಿದರೂ ಬಿಡಬೇಡಿರಿ. ಹಾಗೆಯೇ, ಮುತ್ತೈದೆಯರ ನಡುವೆ ತಾನು ನಿಲ್ಲಬಾರದೆಂಬ ಹಳೆಯ ಸಂಕೋಚದಿಂದ ಬಾಗಿಲ ಸಂದಿಗೆ ಸರಿಯುವ ಅಜ್ಜಿಯನ್ನು ಕೈಹಿಡಿದು ತಂದು ನಡುವೆ ಕುಳ್ಳಿರಿಸಿ, ಮೊಮ್ಮಕ್ಕಳನ್ನು ಮಡಿಲಿಗೆ ಕೊಡಿರಿ. ಸೀರೆ ಮಾಸಿತ್ತೆಂದು ನಾಳೆ ಯಾರೂ ಕೊರಗರು. ಅಜ್ಜಿಯ ಒಂದು ಪಟವೂ ಇಲ್ಲವೆಂದು ಕೊರಗುವವರು ಬಹಳ ಮಂದಿ.

ಪಟಗಳು ಫೋನಿನಲ್ಲಿಯೇ ಉಳಿದರೆ, ಫೋನು ಕೆಟ್ಟ ದಿನ ಅವೂ ಹೋಗುವುವು. ಎರಡು ಕಡೆ ಪ್ರತಿಯಿಟ್ಟು, ಚೆಂದದ ನಾಲ್ಕನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆದಿಡಿರಿ. ಐವತ್ತು ವರ್ಷಗಳ ಮೇಲೆ ಅದನ್ನು ಕೈಗೆತ್ತಿಕೊಂಡವರಿಗೆ ಇವರಾರೆಂದು ಕೇಳಲು ನಾವಿರುವುದಿಲ್ಲ, ಆ ಬರೆಹವಿರುವುದು.