ಒಂಬತ್ತೂವರೆ ವರ್ಷದ ಪುಸ್ತಿಕೆ

ವಿದೇಶದಲ್ಲಿ ನೆಲೆಸಿದ ಭಾರತೀಯರು ಪಾಸ್‌ಪೋರ್ಟ್ ನವೀಕರಣವೆಂದು ರೂಢಿಯಲ್ಲಿ ಕರೆಯುವುದು ಆಡಳಿತದ ಪರಿಭಾಷೆಯಲ್ಲಿ ‘ಮರುವಿತರಣೆ’, ಅಂದರೆ ಹಳೆಯ ಪುಸ್ತಿಕೆಯನ್ನು ರದ್ದುಪಡಿಸಿ ಹೊಸ ಸಂಖ್ಯೆಯ ಪುಸ್ತಿಕೆಯನ್ನು ನೀಡುವ ಕ್ರಮ. ವಯಸ್ಕರ ಪಾಸ್‌ಪೋರ್ಟಿಗೆ 10 ವರ್ಷಗಳ ಮಾನ್ಯತೆಯಿದ್ದರೂ, ಹಲವು ದೇಶಗಳು ಪ್ರವೇಶಕ್ಕೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕೆಂದು ವಿಧಿಸುವುದರಿಂದ, ಅದರ ನಿಜವಾದ ಆಯುಸ್ಸು ಒಂಬತ್ತೂವರೆ ವರ್ಷವೆಂದೇ ಎಣಿಸಬೇಕಾಗುತ್ತದೆ. ಅನೇಕ ದೇಶಗಳಲ್ಲಿ ಅರ್ಜಿ ಸ್ವೀಕಾರದ ಕೆಲಸವನ್ನು ಭಾರತೀಯ ದೂತಾವಾಸಗಳು ಖಾಸಗಿ ಸಂಸ್ಥೆಗಳಿಗೆ ಒಪ್ಪಿಸಿವೆ. ಅರ್ಜಿದಾರರು ಸರ್ಕಾರಿ ಶುಲ್ಕದ ಮೇಲೆ ಸೇವಾ ಶುಲ್ಕವನ್ನೂ ತೆರುವಾಗ, ವಿಳಂಬಕ್ಕೆ ಹೊಣೆ ಯಾರೆಂಬುದು ಅಸ್ಪಷ್ಟವಾಗಿ ಉಳಿಯುವುದು ಸಲ್ಲದು. ದುಬೈಯಲ್ಲಿ ದುಡಿಯುವ ಕರಾವಳಿಯ ಕನ್ನಡಿಗರಂಥವರಿಗೆ ಹೊಸ ಪುಸ್ತಿಕೆ ತಡವಾದಾಗ ತುರ್ತು ಸಂದರ್ಭದಲ್ಲಿ ದೊರೆಯುವ ‘ತುರ್ತು ಪ್ರಮಾಣಪತ್ರ’ವು ಸ್ವದೇಶಕ್ಕೆ ಮರಳುವ ಒಮ್ಮುಖ ಪಯಣಕ್ಕಷ್ಟೇ ಸಲ್ಲುತ್ತದೆ, ಕೆಲಸಕ್ಕೆ ಹಿಂತಿರುಗಲು ಹೊಸ ಪುಸ್ತಿಕೆಯೇ ಬೇಕು.